ಬೇಡವೆನ್ನಬೇಕಾದ ಕಡೆ ಷರತ್ತು ಬರೆಯಬೇಡಿ

ಕರ್ನಾಟಕ ರಾಜ್ಯ ತಜ್ಞ ಮೌಲ್ಯಮಾಪನ ಸಮಿತಿಯ ಸದಸ್ಯರಿಗೆ, ಈಗಿರುವವರಿಗೂ ಮುಂದೆ ಬರುವವರಿಗೂ, ಒಂದು ಬಹಿರಂಗ ಪತ್ರ

ಮಾನ್ಯರೆ,

ನೀವು ಸರ್ಕಾರಕ್ಕೆ ಸಲಹೆ ಕೊಡುವವರು. ಪರಿಸರ ಅನುಮತಿ ಪತ್ರಕ್ಕೆ ಸಹಿ ಹಾಕುವುದು ನೀವಲ್ಲ, ಮೂವರು ಸದಸ್ಯರ ರಾಜ್ಯ ಪರಿಸರ ಪ್ರಾಧಿಕಾರ. ಆದರೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯನ್ನು ಕೂತು ಓದಿದವರಿಗೆ ಗೊತ್ತು: ನಿಮ್ಮ ಶಿಫಾರಸನ್ನು ಪ್ರಾಧಿಕಾರ ಸಾಮಾನ್ಯವಾಗಿ ಒಪ್ಪಬೇಕು, ಒಪ್ಪದಿದ್ದರೆ 45 ದಿನದೊಳಗೆ ಕಾರಣ ಬರೆದು ಮರುಪರಿಶೀಲನೆಗೆ ನಿಮಗೇ ವಾಪಸು ಕಳಿಸಬೇಕು. ಹಾಗಾಗಿ ಯಾವ ಗುಡ್ಡ ಜಲ್ಲಿಯಾಗುತ್ತದೆ, ಯಾವ ಕೆರೆಯ ಮಗ್ಗುಲಲ್ಲಿ ಬಡಾವಣೆ ಏಳುತ್ತದೆ, ಯಾವ ಹೊಳೆಯ ಮರಳು ಲಾರಿ ಹತ್ತುತ್ತದೆ ಎಂಬ ತೀರ್ಮಾನ ಬಹುಪಾಲು ನಿಮ್ಮ ಸಭೆಯ ನಡಾವಳಿಯಲ್ಲೇ ಆಗಿಹೋಗುತ್ತದೆ. ಆ ನಡಾವಳಿಗಳನ್ನು ವರ್ಷಗಳಿಂದ ಓದುತ್ತ ಬಂದವನು ನಾನು, ಉತ್ತರ ಕನ್ನಡದ ಘಟ್ಟದ ಮೇಲಿನವನು. ಒಂದೇ ಒಂದು ವಿನಂತಿಗಾಗಿ ಈ ಪತ್ರ. ಬೇಡವೆನ್ನಬೇಕಾದ ಕಡೆ ದಯವಿಟ್ಟು ಷರತ್ತು ಬರೆಯಬೇಡಿ.

ಈ ವಿನಂತಿಯ ಹಿಂದೆ ಐವತ್ತು ವರ್ಷಕ್ಕೂ ಹೆಚ್ಚಿನ ಒಂದು ಚರಿತ್ರೆ ಇದೆ. ನೀವು ಕೂರುವ ಕುರ್ಚಿಯ ಚರಿತ್ರೆಯೇ ಅದು. ನೇಮಕದ ಆದೇಶದ ಜೊತೆ ಅದನ್ನು ಯಾರೂ ನಿಮ್ಮ ಕೈಗೆ ಕೊಟ್ಟಿರಲಾರರು. ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಸ್ವತಂತ್ರ ಭಾರತದಲ್ಲಿ ಕಾಡು, ಪ್ರಾಣಿಗಳ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡಲೆಂದೇ ಹುಟ್ಟಿದ ಮಂಡಳಿಯ ಮೊದಲ ಸಭೆ ನಡೆದದ್ದು ನಮ್ಮ ಮೈಸೂರಿನಲ್ಲಿ, 1952ರಲ್ಲಿ. ಅಧ್ಯಕ್ಷರು ಜಯಚಾಮರಾಜೇಂದ್ರ ಒಡೆಯರು. ಅದರ ವಾರಸುದಾರನೇ ಇಂದಿನ ರಾಷ್ಟ್ರೀಯ ವನ್ಯಜೀವಿ ಮಂಡಳಿ. ಪ್ರಧಾನಿಯೇ ಅಧ್ಯಕ್ಷರಾಗಿರುವ ಆ ಪೂರ್ಣ ಮಂಡಳಿ 2012ರ ನಂತರ ಮತ್ತೆ ಸೇರಿದ್ದು 2025ರ ಮಾರ್ಚ್ 3ರಂದು, ಗೀರ್ ಕಾಡಿನ ಸಾಸಣದಲ್ಲಿ. ನಡುವಿನ ಅಷ್ಟೂ ವರ್ಷ ಸ್ಥಾಯಿ ಸಮಿತಿಯೇ ಕಡತ ವಿಲೇವಾರಿ ಮಾಡಿತು. ಸಲಹಾ ಸಂಸ್ಥೆಯನ್ನು ರದ್ದು ಮಾಡದೆಯೂ ಸುಮ್ಮನಿರಿಸಬಹುದು, ಸಭೆ ಕರೆಯದಿದ್ದರೆ ಸಾಕು.

ಪರಿಸರ ಎಂಬ ಹೆಸರಿನಲ್ಲಿ ಕೇಂದ್ರದಲ್ಲಿ ಮೊದಲ ಸಂಸ್ಥೆ ಬಂದದ್ದು ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ಸಿದ್ಧತೆಯ ಫಲವಾಗಿ. ಯೋಜನಾ ಆಯೋಗದ ಪೀತಾಂಬರ ಪಂತ್ ಅವರ ನೇತೃತ್ವದ ಸಮಿತಿ ವರದಿಗಳನ್ನು ಸಿದ್ಧಪಡಿಸಿತು. 1972ರಲ್ಲಿ ಪರಿಸರ ಯೋಜನೆ ಮತ್ತು ಸಮನ್ವಯದ ರಾಷ್ಟ್ರೀಯ ಸಮಿತಿ ರಚನೆಯಾಯಿತು, ಪಂತರೇ ಅಧ್ಯಕ್ಷರಾದರು. ಮಾರನೇ ವರ್ಷವೇ ಅವರು ತೀರಿಕೊಂಡರು. ಸಮಿತಿಗೆ ಸ್ವಂತ ಮನೆ ಇರಲಿಲ್ಲ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಒಂದು ಮೂಲೆಯಲ್ಲಿ ಅದರ ಕಚೇರಿ. ಅಣೆಕಟ್ಟು ಕಟ್ಟುವವರು ಬೇರೆ ಇಲಾಖೆ, ಕಾಡು ಕಡಿಯುವವರು ಬೇರೆ, ಹಣ ಕೊಡುವವರು ಬೇರೆ. 1970ರ ದಶಕದ ನಡುವೆ ಯೋಜನಾ ಆಯೋಗವು ನದಿ ಕಣಿವೆ ಯೋಜನೆಗಳನ್ನು ಪರಿಸರದ ದೃಷ್ಟಿಯಿಂದ ನೋಡಿ ಅಭಿಪ್ರಾಯ ಹೇಳಿ ಎಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯನ್ನು ಕೇಳಿಕೊಂಡಾಗ, ನೀವು ಇಂದು ಮಾಡುವ ಕೆಲಸ ಈ ದೇಶದಲ್ಲಿ ಶುರುವಾಯಿತು. ಅದಕ್ಕೆ ಆಗ ಯಾವ ಕಾನೂನೂ ಇರಲಿಲ್ಲ. ಕೇಳಿದರೆ ಹೇಳುವುದು, ಕೇಳದಿದ್ದರೆ ಇಲ್ಲ.

ಆ ಸಮಿತಿಯ ಮುಂದೆ ಬಂದ ದೊಡ್ಡ ಪರೀಕ್ಷೆ ಸೈಲೆಂಟ್ ವ್ಯಾಲಿ. ಇಲ್ಲಿ ನಿಧಾನಿಸಿ ನೋಡಬೇಕು. ನಿಮಗೆ ಹೇಳಬೇಕೆಂದಿರುವುದೆಲ್ಲ ಈ ಒಂದು ಕಡತದಲ್ಲಿದೆ.

ಪಾಲಕ್ಕಾಡ್ ಜಿಲ್ಲೆಯ ಕುಂತಿಪುಳ ಹೊಳೆಗೆ ಅಡ್ಡಲಾಗಿ ಕೇರಳ ವಿದ್ಯುತ್ ಮಂಡಳಿ ಅಣೆಕಟ್ಟು ಕಟ್ಟಲು ಹೊರಟಿತ್ತು. 1973ರಲ್ಲಿ ಯೋಜನಾ ಆಯೋಗ ಒಪ್ಪಿಗೆಯನ್ನೂ ಕೊಟ್ಟಿತ್ತು. ಸುಮಾರು 830 ಹೆಕ್ಟೇರ್ ಮುಳುಗಡೆ. ಸಿಂಗಳೀಕಗಳ ನಿತ್ಯಹರಿದ್ವರ್ಣ ಕಾಡು. ರಾಷ್ಟ್ರೀಯ ಸಮಿತಿ 1976ರಲ್ಲಿ ಪಶ್ಚಿಮ ಘಟ್ಟಗಳ ಬಗ್ಗೆ ಒಂದು ಕಾರ್ಯಪಡೆ ರಚಿಸಿತು. ಅಧ್ಯಕ್ಷರು ಹಕ್ಕಿಗಳನ್ನು ಬಲ್ಲ, ಕಾಡನ್ನು ಪ್ರೀತಿಸಿದ ಜಾಫರ್ ಫತೇಹಲ್ಲಿ. ಅವರ ನಿಷ್ಠೆಯನ್ನು ಇಂದಿಗೂ ಯಾರೂ ಶಂಕಿಸಲಾರರು. ಕಾರ್ಯಪಡೆ 1977ರಲ್ಲಿ ಕೊಟ್ಟ ವರದಿಯ ಮುಖ್ಯ ಮಾತು ಯೋಜನೆ ಕೈಬಿಡಿ ಎಂಬುದೇ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತಿತ್ತು. ಕೈಬಿಡಲು ಸಾಧ್ಯವೇ ಇಲ್ಲವೆಂದಾದರೆ ಈ ರಕ್ಷಣಾ ಕ್ರಮಗಳನ್ನು ಪಾಲಿಸಿ ಎಂದು ಹದಿನೇಳು ಕ್ರಮಗಳ ಪಟ್ಟಿ.

ಮುಂದೆ ಆದದ್ದನ್ನು ನೀವು ಊಹಿಸಬಲ್ಲಿರಿ. ರಾಜ್ಯ ಸರ್ಕಾರ ಮೊದಲ ಮಾತನ್ನು ಬಿಟ್ಟಿತು, ಎರಡನೆಯದನ್ನು ಹಿಡಿಯಿತು. ಹದಿನೇಳೂ ಕ್ರಮಗಳನ್ನು ಪಾಲಿಸುತ್ತೇವೆ, ಇನ್ನೇನು ಅಡ್ಡಿ ಎಂದು ಕೇಳಿತು. ಷರತ್ತುಗಳಿಗೆ ಕಾನೂನಿನ ರೂಪ ಕೊಡಲು 1979ರಲ್ಲಿ ಒಂದು ಕಾಯ್ದೆಯನ್ನೂ ಮಾಡಿತು. ಪ್ರಧಾನಿ ಮೊರಾರ್ಜಿ ದೇಸಾಯಿ ಯೋಜನೆಯ ಪರ ನಿಂತರು. ಬೇಡವೆಂದ ತಜ್ಞರ ವರದಿಯೇ ಯೋಜನೆಯ ಪರವಾನಗಿಯಂತೆ ಬಳಕೆಯಾಯಿತು. ಅವರು ಒಳ್ಳೆಯ ಮನಸ್ಸಿನಿಂದ, ಅಕಸ್ಮಾತ್ ಸೋತರೆ ಕಾಡಿನ ಒಂದಿಷ್ಟಾದರೂ ಉಳಿಯಲಿ ಎಂಬ ಕಳವಳದಿಂದ ಬರೆದ ಪಟ್ಟಿ ಅದು. ಸೋಲು ಒಳಗೆ ಬಂದದ್ದು ಅದೇ ಬಾಗಿಲಿನಿಂದ.

ಹಾಗಾದರೆ ಕಣಿವೆ ಉಳಿದದ್ದು ಹೇಗೆ? ಹೊರಗಿನವರು ತಮ್ಮದೇ ಪರಿಶೀಲನೆ ಮಾಡಿದ್ದರಿಂದ. ಎಂ.ಕೆ. ಪ್ರಸಾದ್ ಮತ್ತು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಗೆಳೆಯರು ಯೋಜನೆಯ ವಿದ್ಯುತ್ ಲೆಕ್ಕ, ಹಣದ ಲೆಕ್ಕ, ಕಾಡಿನ ಲೆಕ್ಕ ಮೂರನ್ನೂ ಬಿಡಿಸಿ ಪ್ರಕಟಿಸಿದರು. ಕೃಷಿ ಕಾರ್ಯದರ್ಶಿಯಾಗಿದ್ದ ಎಂ.ಎಸ್. ಸ್ವಾಮಿನಾಥನ್ ಕಾಡನ್ನೇ ಕಾಯ್ದಿಡಬೇಕೆಂದು ಬರೆದರು. ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಎಂ.ಜಿ.ಕೆ. ಮೆನನ್ ಅಧ್ಯಕ್ಷತೆಯಲ್ಲಿ ಕೇಂದ್ರ ಮತ್ತು ರಾಜ್ಯದ ಜಂಟಿ ಸಮಿತಿ ಕೂತಿತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅದರಲ್ಲಿದ್ದರು. 1983ರಲ್ಲಿ ಯೋಜನೆ ನಿಂತಿತು, 1984ರ ನವೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು.

ಅದೇ ಕಾಲದಲ್ಲಿ ನಮ್ಮೂರ ಕಡೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರು ಬೀದಿಗಿಳಿದದ್ದಷ್ಟೇ ಅಲ್ಲ. ಅವರ ಸಹಕಾರಿ ಸಂಸ್ಥೆ ತೋಟಗಾರ್ಸ್ ಸೇಲ್ ಸೊಸೈಟಿ, ಅಡಿಕೆ ವ್ಯಾಪಾರದ ಸೊಸೈಟಿ, 1981ರಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಎಂಜಿನಿಯರುಗಳನ್ನೂ ಶಿರಸಿಗೆ ಕರೆಸಿ ವಿಚಾರ ಸಂಕಿರಣ ಮಾಡಿತು. ಮುಳುಗುವ ತೋಟ, ಮುಳುಗುವ ಕಾಡು, ಬೆಟ್ಟದ ಸೊಪ್ಪು, ಇವೆಲ್ಲಕ್ಕೆ ಬೆಲೆ ಕಟ್ಟಿ, ಬರುವ ವಿದ್ಯುತ್ತಿನ ಎದುರು ಇಟ್ಟು ತೂಗಿದರು. ಆ ಪ್ರಬಂಧಗಳು ಪುಸ್ತಕವಾಗಿಯೂ ಬಂದವು. ಸರ್ಕಾರ ಯೋಜನೆಯನ್ನು ಬದಿಗಿಟ್ಟಿತು. ಅದೇ ನದಿ ಈಗ ಬೇಡ್ತಿ–ವರದಾ ಜೋಡಣೆಯ ಹೆಸರಿನಲ್ಲಿ ಮತ್ತೆ ಕಡತವಾಗಿದೆ, ಅದು ಬೇರೆ ಮಾತು. ನಾನು ಹೇಳಬಂದದ್ದು ಇಷ್ಟೆ: ಸರ್ಕಾರಕ್ಕೆ ತಜ್ಞ ಸಲಹೆ ಕೊಡುವ ಕೆಲಸವನ್ನು ಅಂದು ರೈತರೇ ತಮ್ಮ ದುಡ್ಡಿನಲ್ಲಿ ಮಾಡಿಸಿದರು. ಇಂದು ಆ ಕೆಲಸಕ್ಕೆಂದೇ ಕಾನೂನು ನಿಮ್ಮನ್ನು ನೇಮಿಸಿದೆ. ನಮ್ಮ ನಿರೀಕ್ಷೆ ದೊಡ್ಡದಿರುವುದು ಅದಕ್ಕೆ.

ದೆಹಲಿಯಲ್ಲಿ ಆಮೇಲಿನ ಬದಲಾವಣೆಗಳು ಬೇಗ ಬೇಗ ಆದವು. 1980ರಲ್ಲಿ ಎನ್.ಡಿ. ತಿವಾರಿ ಸಮಿತಿ ಕೂತು, ಪರಿಸರಕ್ಕೆ ಸಂಬಂಧಿಸಿದ ಇನ್ನೂರರಷ್ಟು ಕಾನೂನುಗಳು ಚದುರಿಬಿದ್ದಿವೆ, ನೋಡಿಕೊಳ್ಳುವ ಒಂದು ಇಲಾಖೆಯೇ ಇಲ್ಲ ಎಂದಿತು. ಅದೇ ವರ್ಷ ನವೆಂಬರ್ 1ರಂದು ಪರಿಸರ ಇಲಾಖೆ ಹುಟ್ಟಿತು. 1985ರಲ್ಲಿ ಅದು ಮಂತ್ರಾಲಯವಾಯಿತು. ಮೇಲ್ನೋಟಕ್ಕೆ ಇದು ಬೆಳವಣಿಗೆ, ಬೆಳವಣಿಗೆಯೇ ಹೌದು. ಆದರೆ ಒಂದು ವಿಷಯವನ್ನು ಗಮನಿಸಬೇಕು. 1972ರ ಸಮಿತಿ ಸರ್ಕಾರದ ಪಕ್ಕದಲ್ಲಿ ನಿಂತು ಮಾತಾಡುತ್ತಿತ್ತು. ಇಲಾಖೆ ಬಂದ ಮೇಲೆ ತಜ್ಞ ಸಮಿತಿಗಳು ಇಲಾಖೆಯ ಹೊಟ್ಟೆಯೊಳಗೆ ಸೇರಿದವು. ಕಾರ್ಯಸೂಚಿ ಸಿದ್ಧಪಡಿಸುವವರು, ಕಡತ ಒದಗಿಸುವವರು, ನಡಾವಳಿ ಬರೆಯುವವರು ಎಲ್ಲರೂ ಇಲಾಖೆಯ ನೌಕರರೇ. 1994ರ ಜನವರಿ 27ರ ಅಧಿಸೂಚನೆ ಪರಿಸರ ಪರಿಣಾಮದ ಪರಿಶೀಲನೆಯನ್ನು ಕಡ್ಡಾಯ ಮಾಡಿತಾದರೂ, ತಜ್ಞರನ್ನು ಕೇಳುವುದು ಮಂತ್ರಾಲಯಕ್ಕೆ ಅಗತ್ಯವೆನಿಸಿದರೆ ಮಾತ್ರ. 2006ರಲ್ಲಿ ನಿಮ್ಮ ಸಮಿತಿ ಕಾನೂನಿನ ಅನಿವಾರ್ಯ ಅಂಗವಾಯಿತು. ಅದು ದೊಡ್ಡ ಗೆಲುವು. ಆದರೆ ಕಾರ್ಯದರ್ಶಿ, ಕಡತ, ಕಾರ್ಯಸೂಚಿ ಎಂದಿನಂತೆ ಸರ್ಕಾರದ್ದೇ. ನಿಮ್ಮದೇ ಆದ ಮಾಹಿತಿ ವಿಭಾಗವಿಲ್ಲ, ಅಳತೆ ಮಾಡಲು ಒಬ್ಬ ಸಹಾಯಕನಿಲ್ಲ. ನಿಮ್ಮ ಮುಂದಿರುವ ವರದಿಯನ್ನು ಬರೆಸಿದವರು ಯೋಜನೆ ಮಾಡುವವರೇ, ಬರೆದ ಸಲಹೆಗಾರರಿಗೆ ಹಣ ಕೊಟ್ಟವರೂ ಅವರೇ.

ಹೀಗಿರುವಾಗ ನಿಮಗೆ ನಿಮ್ಮದೆಂದು ಉಳಿದಿರುವುದು ಎರಡೇ: ನೀವು ಬರೆಯುವ ಕಾರಣ, ಮತ್ತು ಸ್ಥಳಕ್ಕೆ ಹೋಗಿ ನೋಡುವ ನಿಮ್ಮ ಕಣ್ಣು. ಎರಡನ್ನೂ ಕಿತ್ತುಕೊಳ್ಳುವ ಪ್ರಯತ್ನ ನಡೆದಿದೆ, ನಡೆಯುತ್ತಿದೆ.

ಕಾರಣದ ವಿಷಯ ಮೊದಲು. 2009ರಲ್ಲಿ ದೆಹಲಿ ಹೈಕೋರ್ಟ್ ಗೋವಾದ ಒಂದು ಕಬ್ಬಿಣದ ಅದಿರು ಗಣಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಹವಾಲು ಸಭೆಯಲ್ಲಿ ಜನ ಎತ್ತಿದ ಆಕ್ಷೇಪಗಳನ್ನು ತಜ್ಞ ಸಮಿತಿ ಪರಿಗಣಿಸಿದ್ದು ನಡಾವಳಿಯಲ್ಲಿ ಕಾಣಬೇಕು, ಶಿಫಾರಸಿಗೆ ಕಾರಣ ಇರಬೇಕು ಎಂದಿತು. ಗಣಿ ಕಂಪನಿಗಳ ನಿರ್ದೇಶಕರಾಗಿರುವವರೇ ಗಣಿ ಯೋಜನೆಗಳ ಸಮಿತಿಗೆ ಅಧ್ಯಕ್ಷರಾಗಿರುವುದು ಸರಿಯಲ್ಲ ಎಂದೂ ಹೇಳಿತು. ಹತ್ತು ವರ್ಷ ಕಳೆದು 2019ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಮೋಪಾ ವಿಮಾನ ನಿಲ್ದಾಣದ ಅನುಮತಿಯನ್ನು ಅಮಾನತಿನಲ್ಲಿಟ್ಟು ಅದೇ ಮಾತನ್ನು ಹೇಳಬೇಕಾಯಿತು. ಮತ್ತೂ ಗೋವಾ, ಮತ್ತೂ ಅದೇ ಲೋಪ. ಸಮಿತಿ ಕಡತವನ್ನು ಮತ್ತೆ ನೋಡಿತು, ಷರತ್ತು ಸೇರಿಸಿತು, 2020ರಲ್ಲಿ ತಡೆ ತೆರವಾಯಿತು. ಷರತ್ತುಗಳ ದಾರಿ ಅಲ್ಲೂ ಎಲ್ಲಿಗೆ ಹೋಗಿ ಮುಟ್ಟಿತೆಂದು ನೀವೇ ನೋಡಿ.

ಇನ್ನು ಕಣ್ಣಿನ ವಿಷಯ. 2022ರ ಜನವರಿಯಲ್ಲಿ ಕೇಂದ್ರ ಮಂತ್ರಾಲಯ ರಾಜ್ಯ ಪ್ರಾಧಿಕಾರಗಳಿಗೆ ನಕ್ಷತ್ರಗಳ ಶ್ರೇಣಿ ಕೊಡುವುದಾಗಿ ಸುತ್ತೋಲೆ ಹೊರಡಿಸಿದ್ದು ನಿಮಗೆ ನೆನಪಿರುತ್ತದೆ. ಅನುಮತಿ ಬೇಗ ಕೊಟ್ಟಷ್ಟೂ ಅಂಕ ಹೆಚ್ಚು. ಹೆಚ್ಚುವರಿ ವಿವರ ಕೇಳುವುದು ಕಡಿಮೆಯಾದಷ್ಟೂ ಅಂಕ ಹೆಚ್ಚು. ಸ್ಥಳ ಪರಿಶೀಲನೆ ಕಡಿಮೆಯಾದಷ್ಟೂ ಅಂಕ ಹೆಚ್ಚು! ನನಗೆ ಈಗಲೂ ಇದನ್ನು ಓದಿದರೆ ಸಂಕಟವಾಗುತ್ತದೆ. ಕಾಡು ನೋಡದೆ ಕಾಡಿನ ಬಗ್ಗೆ ಬರೆದವರಿಗೆ ಬಹುಮಾನ ಎಂದು ಒಂದು ಸರ್ಕಾರ ಲಿಖಿತವಾಗಿ ಹೇಳಬಹುದೆ? ದೇಶದಾದ್ಯಂತ ಟೀಕೆ ಬಂದಾಗ ಮಂತ್ರಾಲಯ ಸಮಜಾಯಿಷಿ ಕೊಟ್ಟಿತು. ಆದರೆ ಆ ಸುತ್ತೋಲೆ ಬಿಟ್ಟುಹೋದ ಅವಸರ ನಿಮ್ಮ ಸಭಾಂಗಣದಲ್ಲಿ ಇನ್ನೂ ಇದೆ ಎಂದು ನಡಾವಳಿಗಳು ಹೇಳುತ್ತವೆ. ಒಂದೇ ದಿನದ ಕಾರ್ಯಸೂಚಿಯಲ್ಲಿ ಸಾಲು ಸಾಲು ಕಲ್ಲುಗಣಿಗಳು. ಒಂದಕ್ಕೆ ಬರೆದ ಷರತ್ತುಗಳೇ ಮುಂದಿನದಕ್ಕೂ, ಅದರ ಮುಂದಿನದಕ್ಕೂ. ಧೂಳು ಏಳದಂತೆ ನೀರು ಚಿಮುಕಿಸುವುದು, ಗಣಿಯ ಸುತ್ತ ಹಸಿರು ಪಟ್ಟಿ ಬೆಳೆಸುವುದು, ಲಾರಿಗಳಿಗೆ ಟಾರ್ಪಾಲಿನ್ ಹೊದಿಸುವುದು.

ಹೊರೆ ನಿಮ್ಮ ತಪ್ಪಲ್ಲ ಎಂಬುದನ್ನೂ ಹೇಳಲೇಬೇಕು. 2016ರಲ್ಲಿ ಕೇಂದ್ರವು ಐದು ಹೆಕ್ಟೇರ್‌ವರೆಗಿನ ಸಣ್ಣ ಗಣಿಗಳನ್ನು ಜಿಲ್ಲಾ ಮಟ್ಟದ ಸಮಿತಿಗಳಿಗೆ ಒಪ್ಪಿಸಿತ್ತು. ಅಲ್ಲಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಮುಖ್ಯಸ್ಥರು, ತಜ್ಞ ಸಮಿತಿಗೆ ನೀರಾವರಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್! 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ವ್ಯವಸ್ಥೆಯನ್ನು ಒಪ್ಪಲಿಲ್ಲ, ಕಡತಗಳು ರಾಜ್ಯ ಮಟ್ಟಕ್ಕೆ ಮರಳಿದವು. ಸರಿಯಾದ ತೀರ್ಪು. ಆದರೆ ಮೂವತ್ತು ಜಿಲ್ಲೆಗಳ ಕಲ್ಲು ಒಂದೇ ಸಮಿತಿಯ ಮೇಲೆ ಬಿದ್ದಾಗ ಜೊತೆಗೆ ಕೈಗಳನ್ನೂ ಕೊಡಬೇಕಿತ್ತು. ಕೊಡಲಿಲ್ಲ. ಈ ಕೊರತೆಯನ್ನು ನೀವು ಸರ್ಕಾರಕ್ಕೆ ಲಿಖಿತವಾಗಿ, ಸಾರ್ವಜನಿಕವಾಗಿ ಹೇಳಿದರೆ ನಾವೆಲ್ಲ ನಿಮ್ಮ ಜೊತೆ ನಿಲ್ಲುತ್ತೇವೆ.

ಷರತ್ತು ಬರೆದ ಮೇಲೆ ಹಳ್ಳಿಯಲ್ಲಿ ಏನಾಗುತ್ತದೆ ಎನ್ನುವುದಕ್ಕೆ ಒಂದು ಅಹವಾಲು ಸಭೆಯನ್ನು ನಿಮ್ಮ ಕಣ್ಮುಂದೆ ತರುತ್ತೇನೆ. ಊರಿನ ಹೆಸರು ಬೇಡ, ಇಂಥವು ಎಷ್ಟೋ. ನಾಲ್ಕಾರು ಕಲ್ಲುಗಣಿಗಳು ಸೇರಿದ ಒಂದು ಕ್ಲಸ್ಟರ್. ಶಾಲೆಯ ಮೈದಾನದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಬಾಗಿಲಲ್ಲಿ ಪೊಲೀಸರು. ದಪ್ಪ ವರದಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಒಂದು ತೆಳು ಸಾರಾಂಶ. ಸಲಹೆಗಾರ ಸಂಸ್ಥೆಯ ಹುಡುಗ ಪರದೆಯ ಮೇಲೆ ಚಿತ್ರ ತೋರಿಸುತ್ತ, ಪ್ರಸ್ತಾವಿತ ಪ್ರದೇಶದ ಐನೂರು ಮೀಟರ್ ವ್ಯಾಪ್ತಿಯಲ್ಲಿ ಯಾವುದೇ ಜಲಮೂಲವಿಲ್ಲ ಎಂದ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಗುಡ್ಡದ ಬುಡದಲ್ಲಿ ಒಂದು ಒರತೆ ಇದೆ, ಅದರಿಂದ ನಾಲ್ಕು ಮನೆಯ ತೋಟ ಬದುಕುತ್ತದೆ, ನಮ್ಮ ಜೊತೆ ಈಗಲೇ ಬನ್ನಿ ತೋರಿಸುತ್ತೇನೆ ಎಂದರು. "ಗುಡ್ಡ ಹೋದ್ರೆ ನೀರು ಎಲ್ಲಿಂದ ಬತ್ತದೆ, ಅದನ್ನ ಬರ್ದಿದೀರಾ ನೋಡಿ" ಎಂದು ಅವರು ಕೇಳಿದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು. ಹುಡುಗ ಉತ್ತರಿಸಲಿಲ್ಲ. ವರದಿಯ ಮಾಹಿತಿ ಸಂಗ್ರಹಿಸಿದ್ದು ಮಾರ್ಚ್‌ನಿಂದ ಮೇವರೆಗೆ, ಒಂದೇ ಋತುವಿನಲ್ಲಿ. ಮಳೆಗಾಲ ಬಿಟ್ಟು ಒಂದು ಋತು ಸಾಕು ಎಂದು ನಿಯಮವೇ ಹೇಳುತ್ತದೆ. ಮಲೆನಾಡಿನ ಗುಡ್ಡಕ್ಕೆ ನೀರು ಇಳಿಯುವುದನ್ನು ಬೇಸಿಗೆಯಲ್ಲಿ ನೋಡಲು ಬಂದವರು ಅವರು.

ಆ ಹಿರಿಯರ ಮಾತು ಸಭೆಯ ನಡಾವಳಿಯಲ್ಲಿ ಒಂದು ಸಾಲಾಯಿತು: ಗ್ರಾಮಸ್ಥರು ಅಂತರ್ಜಲದ ಬಗ್ಗೆ ಆತಂಕ ವ್ಯಕ್ತಪಡಿಸಿದರು, ಯೋಜನಾ ಪ್ರತಿಪಾದಕರು ಸೂಕ್ತ ಕ್ರಮ ಕೈಗೊಳ್ಳುವುದಾಗಿ ತಿಳಿಸಿದರು. ಆ ಸಾಲು ಬೆಂಗಳೂರಿಗೆ ಬಂದಾಗ ಅದಕ್ಕೆ ಉತ್ತರವಾಗಿ ಹುಟ್ಟಿದ್ದು ಒಂದು ಷರತ್ತು, ಅಂತರ್ಜಲ ಮಟ್ಟವನ್ನು ಕಾಲಕಾಲಕ್ಕೆ ಅಳೆಯತಕ್ಕದ್ದು ಎಂದು. ಯಾರು ಅಳೆಯಬೇಕು? ಗಣಿಯವರು. ಯಾರಿಗೆ ವರದಿ ಕೊಡಬೇಕು? ಪ್ರಾದೇಶಿಕ ಕಚೇರಿಗೆ. ಮಟ್ಟ ಕುಸಿದರೆ ಏನು ಮಾಡಬೇಕು? ಅದು ಬರೆದಿರಲಿಲ್ಲ. ಒರತೆ ಇದೆಯೆ ಇಲ್ಲವೆ ಎಂಬ ಮೊದಲ ಪ್ರಶ್ನೆಗೂ ಉತ್ತರ ಸಿಗಲಿಲ್ಲ. ಒಬ್ಬ ಸದಸ್ಯ ಒಂದು ಮಧ್ಯಾಹ್ನ ಬಂದು ನೋಡಿದ್ದರೆ ಸಿಗುತ್ತಿತ್ತು.

ಷರತ್ತುಗಳ ಪಾಲನೆ ಎಷ್ಟರ ಮಟ್ಟಿಗೆ ಎಂದು ಕೇಳಿದರೆ ಮಹಾಲೇಖಪಾಲರು 2016ರ ತಮ್ಮ 39ನೇ ವರದಿಯಲ್ಲಿ ಉತ್ತರಿಸಿದ್ದಾರೆ. ಅನುಮತಿ ಕೊಟ್ಟ ನಂತರದ ಮೇಲ್ವಿಚಾರಣೆ ದುರ್ಬಲವಾಗಿದೆ, ಪ್ರಾದೇಶಿಕ ಕಚೇರಿಗಳಲ್ಲಿ ವಿಜ್ಞಾನಿಗಳ ಕೊರತೆ ಇದೆ, ಷರತ್ತು ಮುರಿದವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಆ ಕಚೇರಿಗಳಿಗಿಲ್ಲ. ಪಾಲನೆಯಾಗುವುದೆಂಬ ನಂಬಿಕೆಯ ಮೇಲೆ ನೀವು ಷರತ್ತು ಬರೆಯುತ್ತೀರಿ. ಆ ನಂಬಿಕೆಗೆ ಆಧಾರವಿಲ್ಲ ಎಂದು ಸರ್ಕಾರದ ಲೆಕ್ಕ ತಪಾಸಕರೇ ಸಂಸತ್ತಿಗೆ ಹೇಳಿಯಾಗಿದೆ. ಇದಾದ ಮೇಲೂ, ಮೂಲದಲ್ಲೇ ಆಗಬಾರದ ಯೋಜನೆಗೆ ಮೂವತ್ತು ನಲವತ್ತು ಷರತ್ತು ಕಟ್ಟಿ ಕಳಿಸುವುದನ್ನು ಎಚ್ಚರಿಕೆ ಎನ್ನಲು ಬರುವುದಿಲ್ಲ.

ಬೇಡ ಎಂದು ನೇರವಾಗಿ ಬರೆದರೆ ನಿಮ್ಮನ್ನು ಬದಿಗೊತ್ತುತ್ತಾರೆ, ಮುಂದಿನ ಸಮಿತಿಯಲ್ಲಿ ನಿಮ್ಮ ಹೆಸರಿರುವುದಿಲ್ಲ ಎಂಬ ಭಯ ನಿಮ್ಮಲ್ಲಿ ಕೆಲವರಿಗೆ ಇದ್ದರೆ ಅದನ್ನು ಹಗುರವಾಗಿ ಕಾಣಲಾರೆ. ಗಾಡ್ಗೀಳರ ಸಮಿತಿಗೆ ಆದದ್ದು ಅದೇ. 2010ರ ಮಾರ್ಚ್‌ನಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ ರಚಿಸಿದರು. ನಮ್ಮವರೇ ಆದ ಕೆ.ಎನ್. ಗಣೇಶಯ್ಯ, ಆರ್. ಸುಕುಮಾರ್, ರೆನೀ ಬೋರ್ಜೆಸ್ ಅದರಲ್ಲಿದ್ದರು. ಗುಂಡ್ಯ ಕಣಿವೆಗೆ ಹೋಗಿ ನೋಡಿದರು. 2011ರ ಆಗಸ್ಟ್ 31ರಂದು ವರದಿ ಕೊಟ್ಟರು. ಗುಂಡ್ಯ ಜಲವಿದ್ಯುತ್ ಯೋಜನೆಯ ಬಗ್ಗೆ ಅವರು ಹೀಗಾದರೆ ಹಾಗೆ ಎಂದು ಬರೆಯಲಿಲ್ಲ, ಅನುಮತಿ ಕೊಡಬಾರದು ಎಂದರು. ಮಂತ್ರಾಲಯ ವರದಿಯನ್ನು ಒಳಗಿಟ್ಟುಕೊಂಡಿತು. ಕೇರಳದ ಒಬ್ಬ ನಾಗರಿಕರು ಮಾಹಿತಿ ಹಕ್ಕಿನಡಿ ಕೇಳಿ, ಕೇಂದ್ರ ಮಾಹಿತಿ ಆಯೋಗ ಆದೇಶಿಸಿ, ಅದರ ವಿರುದ್ಧ ಹೋದ ಮಂತ್ರಾಲಯ ದೆಹಲಿ ಹೈಕೋರ್ಟಿನಲ್ಲಿ ಸೋತು, 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಆಗಸ್ಟ್‌ನಲ್ಲಿ ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಇನ್ನೊಂದು ಸಮಿತಿ. ಗಾಡ್ಗೀಳರು ನೋಡಿದ್ದು 1,29,037 ಚದರ ಕಿಲೋಮೀಟರ್ ಘಟ್ಟವನ್ನು. ಹೊಸ ಸಮಿತಿ ಸೂಕ್ಷ್ಮವೆಂದು ಗುರುತಿಸಿದ್ದು 59,940. ಅದರಲ್ಲಿ ನಮ್ಮ ರಾಜ್ಯದ ಪಾಲು 20,668. 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆಗಳು ಬಂದವು, ಅಂತಿಮವಾದದ್ದು ಒಂದೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಂಪುಟ ಆರನೆಯದನ್ನೂ ತಿರಸ್ಕರಿಸಿತು.

ಗಾಡ್ಗೀಳರ ಸಮಿತಿ ಸೋತಿತು ಎನ್ನುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಬೇಡವೆಂಬ ಆ ಮಾತು ಕಾರಣಗಳ ಸಮೇತ ಸಾರ್ವಜನಿಕ ದಾಖಲೆಯಲ್ಲಿ ಇರುವುದರಿಂದಲೇ ಗುಂಡ್ಯದ ಅಣೆಕಟ್ಟು ಮೇಲೇಳಲಿಲ್ಲ. ಆ ಕಣಿವೆ ಸೋತದ್ದು ಬೇರೆ ರೀತಿಯಲ್ಲಿ, ತಜ್ಞರನ್ನು ಕೇಳದೆ. ಗುಂಡ್ಯ ಯೋಜನೆಗೆ ಬೇಕಾಗಿದ್ದ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನೇ ಪೂರ್ವಕ್ಕೆ ತಿರುಗಿಸುವ 24 ಟಿಎಂಸಿಯ ಯೋಜನೆ ಕುಡಿಯುವ ನೀರಿನ ಹೆಸರಿನಲ್ಲಿ ಬಂತು. ಕುಡಿಯುವ ನೀರು 2006ರ ಅಧಿಸೂಚನೆಯ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಪರಿಸರ ಅನುಮತಿ ಬೇಡ ಎಂದಾಯಿತು. ಸಕಲೇಶಪುರದ ಗುಡ್ಡಗಳನ್ನು ಸೀಳಿ ಪೈಪು ಹಾಕಿದ್ದನ್ನು ನೋಡಿದವರಿಗೆ ಆ ಪರಿಶೀಲನೆ ಎಷ್ಟು ಅಗತ್ಯವಿತ್ತೆಂದು ಹೇಳಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ನಿಜವಾದದ್ದೇ. ಅಷ್ಟು ನಿಜವಾದ ಬಾಯಾರಿಕೆಗೆ ಅಷ್ಟೇ ನಿಜವಾದ ಪರಿಶೀಲನೆ ಬೇಕಿತ್ತು.

ಇನ್ನೊಂದು ವಿಷಯ, ಕನ್ನಡದ್ದು. ಗಾಡ್ಗೀಳ್ ವರದಿ ಬಂದಾಗ ಅದನ್ನು ರಾಜ್ಯಭಾಷೆಗಳಿಗೆ ತಂದು ಗ್ರಾಮಸಭೆಗಳ ಮುಂದಿಡಬೇಕೆಂಬುದು ಗಾಡ್ಗೀಳರ ಆಶಯವಾಗಿತ್ತು. ಗಡಿಗಳನ್ನು ಜನರ ಜೊತೆ ಕೂತು ಅಂತಿಮಗೊಳಿಸಬೇಕೆಂದು ವರದಿಯಲ್ಲೇ ಇತ್ತು. ಅದು ಆಗಲಿಲ್ಲ. ಅದರ ಬದಲು ಮಲೆನಾಡಿನ ಹಳ್ಳಿಗಳನ್ನು ಮುಟ್ಟಿದ್ದು ವದಂತಿ: ಮನೆ ಬಿಡಿಸುತ್ತಾರೆ, ತೋಟಕ್ಕೆ ಗೊಬ್ಬರ ಹಾಕಲು ಬಿಡುವುದಿಲ್ಲ, ದನ ಮೇಯಿಸುವಂತಿಲ್ಲ. ವರದಿಯನ್ನು ಓದಿದವರಿಗಿಂತ ಅದರ ವಿರುದ್ಧದ ಸಭೆಗೆ ಹೋದವರೇ ಹೆಚ್ಚು. ಅದಕ್ಕೆ ಜನರನ್ನು ದೂರುವುದು ನ್ಯಾಯವಲ್ಲ, ಓದಲು ಅವರ ಕೈಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. 2020ರಲ್ಲಿ ಹೊಸ ಪರಿಸರ ಅಧಿಸೂಚನೆಯ ಕರಡು ಬಂದಾಗ ಅದನ್ನು 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟ್. ಈ ರಾಜ್ಯದ ತಜ್ಞ ಸಮಿತಿಯ ನಡಾವಳಿ ಕನ್ನಡದಲ್ಲೂ ಬರಲಿ ಎಂದು ಕೇಳಿದರೆ ಅದು ಹೆಚ್ಚಾಯಿತೆ? ಪೂರ್ತಿ ಬೇಡ, ಯೋಜನೆಯ ಜಾಗ, ಜನ ಎತ್ತಿದ ಆಕ್ಷೇಪ, ನೀವು ಕೊಟ್ಟ ಕಾರಣ, ಇಷ್ಟು ಕನ್ನಡದಲ್ಲಿದ್ದರೂ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬಹುದು.

ಈಗ ಶರಾವತಿಯ ಕಡೆ ನೋಡಿ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಸಿಂಗಳೀಕಗಳ ಅಭಯಾರಣ್ಯದ ಒಳಗೆ. ಇದು ಕೇಂದ್ರದ ಸಮಿತಿಗಳ ಮುಂದಿರುವ ಕಡತ, ನಿಮ್ಮದಲ್ಲ, ಬಲ್ಲೆ. ಆದರೂ ಪ್ರಸ್ತಾಪಿಸುತ್ತಿದ್ದೇನೆ, ಏಕೆಂದರೆ ಸೈಲೆಂಟ್ ವ್ಯಾಲಿಯ ಪ್ರಶ್ನೆಯೇ ನಮ್ಮ ಅಂಗಳಕ್ಕೆ ಬಂದಿದೆ, ಅದೇ ಪ್ರಾಣಿಯ ಸಮೇತ. ಆ ಸಮಿತಿಗಳಲ್ಲಿ ನಿಮ್ಮ ಗೆಳೆಯರಿದ್ದಾರೆ, ಶಿಷ್ಯರಿದ್ದಾರೆ. ಹದಿನೇಳು ಕ್ರಮಗಳ ಪಟ್ಟಿಯ ಕತೆಯನ್ನು ಅವರಿಗೂ ಹೇಳಿ.

ನಿಮ್ಮ ಅವಧಿ ಮೂರು ವರ್ಷ. ಯೋಜನೆ ಆಗಬಾರದೆಂದು ನಿಮ್ಮಲ್ಲಿ ಒಬ್ಬರಿಗೇ ಅನಿಸಿದರೂ ಆ ಭಿನ್ನಾಭಿಪ್ರಾಯವನ್ನು ಹೆಸರು, ಕಾರಣ ಹಾಕಿ ನಡಾವಳಿಯಲ್ಲಿ ಬರೆಸಿ. ಬಹುಮತದಿಂದ ಶಿಫಾರಸಾದರೂ ಆ ನಾಲ್ಕು ಸಾಲು ಹಸಿರು ನ್ಯಾಯಮಂಡಳಿಯವರೆಗೆ ನಮ್ಮ ಜೊತೆ ಬರುತ್ತವೆ. ಜನ ಎತ್ತಿದ ಪ್ರತಿ ಆಕ್ಷೇಪದ ಎದುರು ನಿಮ್ಮ ಉತ್ತರ ಇರಲಿ. ಷರತ್ತಿನ ಮೇಲೆಯೇ ಯೋಜನೆ ನಿಂತಿದ್ದರೆ, ಆ ಷರತ್ತು ಮುರಿದ ದಿನ ಅನುಮತಿ ಏನಾಗುತ್ತದೆ ಎಂದೂ ಬರೆಯಿರಿ. ಬರೆಯಲು ಆಗದಿದ್ದರೆ ಆ ಷರತ್ತಿಗೆ ಅಲ್ಲಿ ಕೆಲಸವಿಲ್ಲ.

ಸ್ಥಳ ಪರಿಶೀಲನೆಗೆ ಬರುವ ಮೊದಲು ಯೋಜನೆಯವರಿಗೆ ಏಳು ದಿನದ ನೋಟಿಸ್ ಕೊಡಬೇಕೆಂದು ಅಧಿಸೂಚನೆ ಹೇಳುತ್ತದೆ. ನಮಗೆ ಕೊಡಬೇಕೆಂದು ಹೇಳುವುದಿಲ್ಲ, ಕೊಡಬಾರದೆಂದೂ ಹೇಳಿಲ್ಲ. ಅದೇ ದಿನ ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕಳಿಸಿ. 2002ರ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, ಅದರ ಬಳಿ ಊರಿನ ಗಿಡ, ಹೊಳೆ, ಒರತೆಗಳನ್ನು ಬರೆದಿಟ್ಟ ಜನತಾ ದಾಖಲಾತಿ ಇರಬೇಕು. ಅದನ್ನು ತರಿಸಿ ನೋಡಿ. ಇಲ್ಲದಿದ್ದರೆ ಏಕಿಲ್ಲ ಎಂದು ನಡಾವಳಿಯಲ್ಲಿ ಕೇಳಿ. ನಿಮ್ಮ ಜೀಪು ರಸ್ತೆ ಮುಗಿಯುವಲ್ಲಿ ನಿಂತರೆ ಅಲ್ಲಿಂದ ಮುಂದಿನ ದಾರಿ ತೋರಿಸಲು ನಮ್ಮವರು ಇರುತ್ತಾರೆ.

ಇಂತಿ,
ನಿಮ್ಮ ನಡಾವಳಿಗಳ ಒಬ್ಬ ಓದುಗ, ಉತ್ತರ ಕನ್ನಡ